ನಮ್ಮವರು ಹುಟ್ಟಿಸಿದ ಹ್ಯಾಕರ್

ನಮ್ಮವರ ಕೈಗೆ ಭಾನುವಾರದ ಪತ್ರಿಕೆ ಕೊಡಬಾರದು ಎಂದು ಮದುವೆಯಾದ ಹೊಸತರಲ್ಲೇ ನಾನು ಕಂಡುಕೊಂಡಿದ್ದೆ. ವಾರದ ದಿನಗಳಲ್ಲಿ ಅಷ್ಟೇನೂ ಅಪಾಯವಿಲ್ಲ. ತಲೆಬರಹದ ಮೇಲೆ ಕಣ್ಣಾಡಿಸಿ, ಊಟದ ಡಬ್ಬಿ ಹಿಡಿದು ಕಚೇರಿಗೆ ಓಡುತ್ತಾರೆ. ಭಾನುವಾರ ಮಾತ್ರ ಕಾಲು ಚಾಚಿ ಕೂತು ಪುರವಣಿಯನ್ನು ಕೊನೆಯ ಜಾಹೀರಾತಿನವರೆಗೆ ಓದುತ್ತಾರೆ. ಒಮ್ಮೆ ಬೆನ್ನುಮೂಳೆಯ ಬಗ್ಗೆ ಓದಿ ತಿಂಗಳುಗಟ್ಟಲೆ ಬರೀ ನೆಲದ ಮೇಲೆ ಮಲಗಿದರು. ಇನ್ನೊಮ್ಮೆ ಜೇನುಸಾಕಣೆಯ ಬಗ್ಗೆ ಓದಿದರು. ಆ ಕಥೆ ಕೇಳಿದರೆ ಪಕ್ಕದ ಮನೆ ಅಜ್ಜಿ ಇವತ್ತಿಗೂ ತುಟಿ ಮುಟ್ಟಿ ನೋಡಿಕೊಳ್ಳುತ್ತಾರೆ.

ನಾನು ಹೇಳಹೊರಟ ಭಾನುವಾರದ ಲೇಖನ ಹ್ಯಾಕರ್‌ಗಳನ್ನು ಕುರಿತದ್ದು. ಕಂಪ್ಯೂಟರಿಗೆ ಕನ್ನ ಹಾಕುವ ಈ ದುಷ್ಟರು ಒಂದು ಕಿಂಡಿ ಕಂಡುಹಿಡಿದಾಗಲೆಲ್ಲ ಭದ್ರತೆಯವರು ಒಂದು ಹೊಸ ಬೀಗ ಕಂಡುಹಿಡಿಯುತ್ತಾರಂತೆ. ಅವರಿಲ್ಲದಿದ್ದರೆ ಕಂಪ್ಯೂಟರ್ ಭದ್ರತೆ ಎಂಬ ವಿದ್ಯೆಯೇ ಬೆಳೆಯುತ್ತಿರಲಿಲ್ಲವಂತೆ. ನಮ್ಮವರು ಕನ್ನಡಕ ತೆಗೆದು ನನ್ನ ಕಡೆ ನೋಡಿದರು.

“ನಮ್ಮನೇಗೆ ಇದುವರೆಗೂ ಒಬ್ಬ ಹ್ಯಾಕರೂ ಬಂದಿಲ್ಲ. ಇದರ ಅರ್ಥ ಏನು ಗೊತ್ತಾ?”

“ಕದಿಯೋಕೆ ಏನೂ ಇಲ್ಲ ಅಂತ.”

“ಅಲ್ಲ. ಇನ್ನು ಮೇಲೆ ಬರ್ತಾನೆ ಅಂತ.”

ಅವತ್ತೇ ಸಂಜೆ ನಾನು ತರಕಾರಿ ತಂದು ಬಾಗಿಲು ತಟ್ಟಿದರೆ ಬಾಗಿಲು ತೆರೆಯಲಿಲ್ಲ. ಒಳಗಿನಿಂದ ಗಂಭೀರವಾದ ಧ್ವನಿ ಬಂತು. “ಗುಪ್ತಪದ?”

ಬೆಳಿಗ್ಗೆ ಅವರೇ ಒಂದು ಪದ ಗೊತ್ತುಮಾಡಿ ನನ್ನಿಂದ ಬಾಯಿಪಾಠ ಮಾಡಿಸಿದ್ದರು. “ಬದನೆಕಾಯಿ,” ಎಂದೆ.

“ತಪ್ಪು.”

“ರೀ, ನೀವೇ ಇಟ್ಟಿದ್ದು.”

“ನಾನಿಟ್ಟಿದ್ದು ಸೌತೆಕಾಯಿ.”

“ಆಯ್ತು, ಸೌತೆಕಾಯಿ. ಬಾಗಿಲು ತೆಗೀರಿ.”

“ಎರಡನೇ ಸಲಕ್ಕೆ ಸರಿಯಾಗಿ ಹೇಳೋವ್ರನ್ನ ಮಾತ್ರ ನಂಬಲೇಬಾರದು ಅಂತ ಬರೆದಿದ್ದಾರೆ.”

ನಾನು ಅಜ್ಜಿಯ ಹಿತ್ತಲಿನಿಂದ ಹೋಗಿ, ಯಾವತ್ತಿನ ಹಾಗೆ ಹಾರುಹೊಡೆದುಕೊಂಡಿದ್ದ ನಮ್ಮ ಹಿಂಬಾಗಿಲಿನಿಂದ ಒಳಗೆ ಬಂದೆ. ತರಕಾರಿ ಇಟ್ಟು, ಕೈಕಾಲು ತೊಳೆದು, ಕಾಫಿ ಮಾಡಿ ತಂದು ಅವರ ಬೆನ್ನ ಹಿಂದೆ ನಿಂತೆ. ಅವರಿನ್ನೂ ಮುಂಬಾಗಿಲಿಗೆ ಕಿವಿ ಒತ್ತಿಕೊಂಡು ನನ್ನನ್ನು ಹೊರಗೇ ತಡೆಯುತ್ತಿದ್ದರು.

ಮನೆಯ ಮಟ್ಟಿಗೆ ಇಷ್ಟಕ್ಕೇ ಮುಗಿದಿದ್ದರೆ ನಾನು ತಲೆ ಕೆಡಿಸಿಕೊಳ್ಳುತ್ತಿರಲಿಲ್ಲ. ಆದರೆ ಮರುದಿನ ಸೋಮವಾರ, ಅವರು ಈ ಜ್ಞಾನವನ್ನು ಹೊತ್ತುಕೊಂಡು ಕಚೇರಿಗೆ ಹೋದರು.

ಅವರದು ನೀರು ಸರಬರಾಜು ಕಚೇರಿಯ ಬಿಲ್ ವಿಭಾಗ. ಇಡೀ ಊರಿನ ನೀರಿನ ಬಿಲ್ಲು ಒಂದೇ ಕಂಪ್ಯೂಟರಿನಲ್ಲಿದೆ. ಅದಕ್ಕೊಂದು ಪಾಸ್‌ವರ್ಡ್ ಇತ್ತು: ಸಾಹೇಬರ ಮೊಮ್ಮಗಳ ಮುದ್ದಿನ ಹೆಸರು. ಕಂಪ್ಯೂಟರ್ ಬಂದ ದಿನದಿಂದಲೂ ಅದೇ. ಒಬ್ಬ ಗುಮಾಸ್ತ ಮರೆತರೆ ಆ ಮೂಲೆಯಿಂದ ಕೂಗಿ ಕೇಳುತ್ತಿದ್ದ, ಈ ಮೂಲೆಯಿಂದ ಇನ್ನೊಬ್ಬ ಕೂಗಿ ಹೇಳುತ್ತಿದ್ದ. ಇಬ್ಬರೂ ಮರೆತರೆ ಸಾಲಿನಲ್ಲಿ ನಿಂತ ಜನ ಹೇಳಿಕೊಡುತ್ತಿದ್ದರು. ಅವರು ಮರೆತುಹೋದ ಡಬ್ಬಿ ಕೊಡಲು ಹೋದಾಗ ನಾನೇ ಒಂದೆರಡು ಸಲ ಹೇಳಿಕೊಟ್ಟಿದ್ದೇನೆ.

ನಮ್ಮವರು ಇದನ್ನು ಬದಲಾಯಿಸಿದರು. ಪಾಸ್‌ವರ್ಡ್ ನಮಗೆ ಪ್ರೀತಿಯಾದ ಯಾವುದರ ಹೆಸರೂ ಆಗಿರಬಾರದು, ಎಲ್ಲೂ ಬರೆದಿಡಬಾರದು, ಯಾರಿಗೂ ಹೇಳಬಾರದು ಎಂದು ಲೇಖನದಲ್ಲಿತ್ತು. ಮೂರನ್ನೂ ಚಾಚೂ ತಪ್ಪದೆ ಪಾಲಿಸಿದರು. ಮಂಗಳವಾರ ಬೆಳಿಗ್ಗೆ ಅವರಿಗೆ ನೆನಪಿದ್ದದ್ದು ಅದರಲ್ಲಿ ಎಲ್ಲೋ ಒಂದು ಪ್ರಶ್ನಾರ್ಥಕ ಚಿಹ್ನೆ ಇದೆ ಎಂಬುದು ಮಾತ್ರ.

ಮಧ್ಯಾಹ್ನದ ಹೊತ್ತಿಗೆ ಸಾಲು ಬೀದಿಗೆ ಬಂತು. ಸಾಹೇಬರು ತಮ್ಮ ಕೋಣೆಯಿಂದ ಎದ್ದು ಬಂದು, “ಯಾರು ಮಾಡಿದ್ದು ಇದು?” ಎಂದು ಕೇಳಿದರು. ಈ ಪ್ರಶ್ನೆಯ ತೂಕ ನಿಮಗೆ ತಿಳಿಯಬೇಕು. ಅವರ ಕಚೇರಿಯಲ್ಲಿ ತಪ್ಪಿಗೆ ವಿಚಾರಣೆ ಗಿಚಾರಣೆ ಎಂದು ಕಾಲಹರಣ ಮಾಡುವುದಿಲ್ಲ. ತಪ್ಪು ಮಾಡಿದವರನ್ನು ಸೀದಾ ಗುಡ್ಡದಾಚೆಯ ಪಂಪ್‌ಹೌಸಿಗೆ ಹಾಕುತ್ತಾರೆ. ಅಲ್ಲಿ ಮನೆ ಕೊಡುತ್ತಾರೆ, ಪಂಪಿನ ಪಕ್ಕಕ್ಕೇ. ಅಲ್ಲಿಂದ ವಾಪಸು ಬಂದ ಒಬ್ಬ ಗುಮಾಸ್ತನ ಸಂಸಾರ ಈಗಲೂ ಉಪ್ಪು ಬೇಕಿದ್ದರೆ ಕಿರುಚಿ ಕೇಳುತ್ತದೆ.

ನಮ್ಮವರು ಎದ್ದು ನಿಂತರು. “ಹ್ಯಾಕರ್, ಸರ್,” ಎಂದರು.

ಸಂಜೆ ಮನೆಗೆ ಬಂದವರೇ ಷೂ ಕೂಡ ಬಿಚ್ಚದೆ ಎಲ್ಲವನ್ನೂ ನನ್ನ ಮುಂದೆ ಹೇಳಿಬಿಟ್ಟರು. ನನಗೆ ಎದೆ ಧಸಕ್ಕೆಂದಿತು. ನಮ್ಮ ಮುಂದಿನ ಕೋಣೆಯಲ್ಲಿ ನನ್ನ ಹೊಲಿಗೆ ತರಗತಿ ನಡೆಯುತ್ತದೆ. ಒಂದು ಹಳೆಯ ಮೆಷಿನ್ನಿನಿಂದ ಶುರುಮಾಡಿದ್ದು, ಈಗ ಕೋಣೆ ತುಂಬ ಮೆಷಿನ್ನುಗಳು, ಮೆಷಿನ್ನಿಗೊಬ್ಬ ಹೆಂಗಸು. ದಾರ ಪೋಣಿಸಲು ಬಾರದೆ ಬಂದವರು ಕೋಟು ಹೊಲಿಯುವಷ್ಟು ಕಲಿತು ಹೋಗಿದ್ದಾರೆ. ನನ್ನ ಜೀವನದಲ್ಲಿ ನಾನೇ ಕೈಯಾರೆ ಮಾಡಿಕೊಂಡದ್ದು ಇದೊಂದೇ. ಅದನ್ನು ಬಿಟ್ಟು ಗುಡ್ಡದಾಚೆ ಹೋಗಿ ಯಾರಿಗೆ ಹೊಲಿಗೆ ಕಲಿಸಲಿ, ಪಂಪಿಗೆ?

“ಮರೆತುಹೋಯ್ತು ಅಂತ ಹೇಳೋಕೆ ಏನಾಗಿತ್ತು ನಿಮಗೆ?”

“ಹೇಳೋಣ ಅಂತಾನೇ ಬಾಯಿ ತೆಗೆದೆ ಕಣೇ. ಬಾಯಿಂದ ಇದು ಬಂತು.”

“ಬಂದಿದ್ದು ಬಂತು. ಇನ್ನು ಆ ಹ್ಯಾಕರನ್ನ ಗಟ್ಟಿಯಾಗಿ ಹಿಡ್ಕೊಳ್ಳಿ, ಕೈಬಿಡಬೇಡಿ,” ಎಂದೆ. ಪಂಪ್‌ಹೌಸ್ ನೆನೆದರೆ ನನಗೂ ಬೇರೆ ಮಾತು ತೋಚಲಿಲ್ಲ.

ಸಾಹೇಬರು ಸಿಟ್ಟಾಗಿರಬಹುದು ಎಂದು ನಾವು ಅಂದುಕೊಂಡಿದ್ದೆವು. ಅವರು ಸಿಟ್ಟಾಗಿರಲಿಲ್ಲ, ಹಿಗ್ಗಿದ್ದರು. ಹ್ಯಾಕರ್‌ಗಳು ಬ್ಯಾಂಕುಗಳಿಗೆ ಹೋಗುತ್ತಾರೆ, ಸೈನ್ಯಕ್ಕೆ ಹೋಗುತ್ತಾರೆ. ನಮ್ಮ ನೀರಿನ ಕಚೇರಿಗೂ ಒಬ್ಬ ಬಂದನೆಂದರೆ ಸಣ್ಣ ಮಾತೇ? ಅವರು ಮೊದಲು ಫೋನ್ ಮಾಡಿದ್ದು ಮುಖ್ಯ ಕಚೇರಿಗಲ್ಲ, ಎದುರುಗಡೆಯ ವಿದ್ಯುತ್ ಕಚೇರಿಯ ಸಾಹೇಬರಿಗೆ. ಆ ಸಾಹೇಬರು, “ನಮ್ಮಲ್ಲೂ ಬಂದಿದ್ದ ಅನ್ಸತ್ತೆ, ನಾವು ಗಮನಿಸಲಿಲ್ಲ,” ಎಂದರಂತೆ.

ನೆರೆಹೊರೆಯಲ್ಲಿ ಸುದ್ದಿ ಹಬ್ಬಿತು. ಪಕ್ಕದ ಮನೆ ಅಜ್ಜಿ ತಮ್ಮ ಟೀವಿಗೆ ಕಂಬಳಿ ಹೊದಿಸಿ, ಮಾತು ಮಾತ್ರ ಕೇಳತೊಡಗಿದರು. “ಪಾಪ, ಆ ಹುಡುಗನಿಗೆ ಹೇಳೋರು ಕೇಳೋರು ಇಲ್ವೇನಮ್ಮ? ಬೇರೆಯವರ ಮನೆ ನೀರಿನ ಬಿಲ್ಲು ನೋಡ್ಕೊಂಡು ಕೂತಿದ್ದಾನಲ್ಲ,” ಎಂದು ಹ್ಯಾಕರನ ಭವಿಷ್ಯಕ್ಕಾಗಿ ಮರುಗಿದರು. ಇಷ್ಟು ವರ್ಷ ನಮ್ಮವರನ್ನು ಕಂಡರೆ ಆಕಳಿಸುತ್ತಿದ್ದ ನನ್ನ ತಮ್ಮ ಹಣ್ಣಿನ ಬುಟ್ಟಿ ಹಿಡಿದುಕೊಂಡು ಬಂದ. “ಭಾವ, ಅವನು ಎದುರಿಗೆ ಬಂದಾಗ ನಿಮಗೆ ಹೆದರಿಕೆ ಆಗಲಿಲ್ವಾ?” ಎಂದು ಕೇಳಿದ. ನಮ್ಮವರು ದ್ರಾಕ್ಷಿ ಬಾಯಿಗೆ ಹಾಕಿಕೊಂಡು, “ಕರ್ತವ್ಯದಲ್ಲಿ ಇದ್ದಾಗ ಹೆದರಿಕೆ ನೆನಪಾಗಲ್ಲ,” ಎಂದರು. ನಾನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಕ್ಕು ಬಂದೆ.

ವಾರದೊಳಗೆ ಮುಖ್ಯ ಕಚೇರಿಯಿಂದ ಒಬ್ಬರು ಕಂಪ್ಯೂಟರ್ ತಜ್ಞೆ ಬಂದರು. ಮಾತು ಕಡಿಮೆ, ಬೆನ್ನಿಗೊಂದು ಚೀಲ. ನಮ್ಮವರನ್ನು ಎದುರಿಗೆ ಕೂರಿಸಿಕೊಂಡರು. ಸಾಹೇಬರೂ ಕುರ್ಚಿ ಎಳೆದುಕೊಂಡರು.

“ಹ್ಯಾಕರ್ ಬಂದಾಗ ನೀವು ನೋಡಿದ್ದೇನು?”

“ಪರದೆ ಕೆಂಪಗಾಯ್ತು, ಮೇಡಂ. ಆಮೇಲೆ ಹಸಿರಾಯ್ತು. ಆಮೇಲೆ ಒಂದು ನಗು ಕೇಳಿಸ್ತು.”

“ಈ ಕಂಪ್ಯೂಟರಿಗೆ ಸ್ಪೀಕರ್ ಇಲ್ವಲ್ಲ.”

“ಅದಕ್ಕೇ ಮೇಡಂ ನಾನೂ ಬೆವತಿದ್ದು.”

ತಜ್ಞೆ ಪೆನ್ನಿನ ತುದಿ ಕಚ್ಚಿಕೊಂಡು ಸ್ವಲ್ಪ ಹೊತ್ತು ಕಿಟಕಿಯ ಕಡೆ ನೋಡಿದರು. ಆಮೇಲೆ ಕಂಪ್ಯೂಟರ್ ತೆರೆದುಕೊಟ್ಟು, ಏನೋ ಬರೆದುಕೊಂಡು ರೈಲು ಹತ್ತಿದರು.

ಸಾಹೇಬರು ನಮ್ಮವರನ್ನೇ ಭದ್ರತೆಯ ಉಸ್ತುವಾರಿ ಮಾಡಿದರು. ನಮ್ಮವರು ನಿಯಮಗಳನ್ನು ಬರೆದರು. ಪಾಸ್‌ವರ್ಡ್ ದಿನಕ್ಕೊಂದು. ಅದನ್ನು ಒತ್ತುವಾಗ ಮೇಲೆ ಹೊದಿಕೆ ಹೊದ್ದುಕೊಳ್ಳಬೇಕು. ಈ ಕೆಲಸಕ್ಕೆ ನಮ್ಮ ಹೂವಿನ ಹೊದಿಕೆ ಹೋಯಿತು. ಸಾಲಿನಲ್ಲಿ ನಿಂತವರು ಗೋಡೆಗೆ ಮುಖ ಮಾಡಿ ನಿಂತು, ಹಿಂದಕ್ಕೆ ಕೈ ಚಾಚಿ ದುಡ್ಡು ಕೊಡಬೇಕು. ಫೋನಿನಲ್ಲಿ ಯಾರು ಕೇಳಿದರೂ ಪಾಸ್‌ವರ್ಡ್ ಹೇಳಬಾರದು ಎಂದು ಎಲ್ಲರೂ ಬೆಳಿಗ್ಗೆ ಎದ್ದು ನಿಂತು ಒಕ್ಕೊರಲಿನಿಂದ ಪ್ರತಿಜ್ಞೆ ಮಾಡಬೇಕು. ಕಾವಲುಗಾರ ಗುರುತಿನ ಚೀಟಿ ಇಲ್ಲವೆಂದು ಸಾಹೇಬರನ್ನೇ ಬೆಳಗಿನ ಬಿಸಿಲಿನಲ್ಲಿ ನಿಲ್ಲಿಸಿದ. ಅವರು ಬೆವರು ಒರೆಸಿಕೊಳ್ಳುತ್ತ, “ಭದ್ರತೆ ಅಂದ್ರೆ ಇದು,” ಎಂದು ಅವನ ಬೆನ್ನು ತಟ್ಟಿದರು.

ಈ ಸಂಭ್ರಮದ ತುದಿಗೆ ಒಂದು ಆದೇಶ ಬಂತು. ಹ್ಯಾಕರನ್ನು ಎದುರಿಸಿದ ಅನುಭವಿಗಳೆಂಬ ಕಾರಣಕ್ಕೆ ನಮ್ಮವರನ್ನು ಬಡ್ತಿ ಕೊಟ್ಟು ಮುಖ್ಯ ಕಚೇರಿಯ ಭದ್ರತಾ ವಿಭಾಗಕ್ಕೆ ವರ್ಗ ಮಾಡಲಾಗಿತ್ತು. ಶಿಫಾರಸು ಸಾಹೇಬರದು. ಪಂಪ್‌ಹೌಸಾದರೂ ಗುಡ್ಡದಾಚೆಗಿತ್ತು, ಮುಖ್ಯ ಕಚೇರಿ ಒಂದು ರಾತ್ರಿಯಿಡೀ ರೈಲಿನಲ್ಲಿ ಹೋಗುವಷ್ಟು ದೂರ. ಯಾವ ವರ್ಗಾವಣೆ ತಪ್ಪಿಸಲು ಆ ಹ್ಯಾಕರನ್ನು ಹೊತ್ತು ಸಾಕಿದೆವೋ ಅದೇ ವರ್ಗಾವಣೆ ಅವನ ಕೈಯಿಂದಲೇ ಬಂದಿತ್ತು. ನನಗೆ ಅಳು ಬಂತು, ಅತ್ತುಬಿಟ್ಟೆ. ನಮ್ಮವರೂ ಬಿಳಿಚಿಕೊಂಡಿದ್ದರು.

“ಅಲ್ಲಿ ನಿಜವಾದ ಹ್ಯಾಕರ್‌ಗಳು ಬರ್ತಾರಂತೆ ಕಣೇ,” ಎಂದರು. “ಒಂದೇ ದಿನದಲ್ಲಿ ನನ್ನ ಬಣ್ಣ ಬಯಲಾಗತ್ತೆ. ಇರೋ ಕೆಲಸಾನೂ ಹೋಗತ್ತೆ.”

ಮರುದಿನ ನಾನೇ ಸಾಹೇಬರ ಕೋಣೆಗೆ ಹೋದೆ. “ಸರ್, ಹ್ಯಾಕರೂ ಇಲ್ಲ, ಏನೂ ಇಲ್ಲ. ನಮ್ಮವರು ಪಾಸ್‌ವರ್ಡ್ ಮರೆತಿದ್ದು, ಅಷ್ಟೇ,” ಎಂದೆ.

ಸಾಹೇಬರು ಎದ್ದು ಹೋಗಿ ಬಾಗಿಲು ಹಾಕಿ ಬಂದರು. ಅವರ ಧ್ವನಿ ಪಿಸುಗುಟ್ಟುವಷ್ಟು ಇಳಿಯಿತು. “ಹೀಗೆ ಹೇಳೋಕೆ ಅವರೇ ಕಳಿಸಿದ್ರಾ? ಎಂಥಾ ತಲೆ ಅಮ್ಮ ನಿಮ್ಮ ಯಜಮಾನ್ರದು. ಹ್ಯಾಕರೇ ಇಲ್ಲ ಅಂತ ಸುದ್ದಿ ಹಬ್ಬಿಸಿದ್ರೆ ಅವನು ಮೈಮರೀತಾನೆ. ಮೈಮರೆತಾಗ ಹಿಡಿಯೋದು.”

“ಸರ್, ನನ್ನ ಮಾತು ನಿಜ.”

“ಹಾಗೇ ಹೇಳ್ತಾ ಇರಿ. ಎಲ್ಲರ ಹತ್ರಾನೂ ಹೀಗೇ ಹೇಳಿ.”

ನಾನು ದಾರಿಯುದ್ದಕ್ಕೂ ಸಾಹೇಬರಿಗೆ ಮನಸ್ಸಿನಲ್ಲೇ ಬೈಯುತ್ತ ಮನೆಗೆ ಬಂದೆ. ಹ್ಯಾಕರ್ ಇಲ್ಲವೆಂದರೆ ಇವರು ನಂಬುವ ಪೈಕಿ ಅಲ್ಲ. ಹಾಗಾದರೆ ಹ್ಯಾಕರ್ ಬರಲೇಬೇಕು. ಬಂದು, ನಮ್ಮವರ ಭದ್ರತೆಯನ್ನು ಎಲ್ಲರ ಕಣ್ಣೆದುರು ಮುರಿದುಹಾಕಬೇಕು. ಬೇರೆ ಯಾರೂ ಬರುವಂತೆ ಕಾಣಲಿಲ್ಲವಾದ್ದರಿಂದ ಆ ಕೆಲಸವನ್ನು ನಾನೇ ವಹಿಸಿಕೊಂಡೆ.

ಬೀಳ್ಕೊಡುಗೆಯ ದಿನ ನಮ್ಮವರು ಕಚೇರಿಗೆ ಹೊರಟ ಮೇಲೆ ನಾನು ಅಜ್ಜಿಯ ಮನೆಗೆ ಹೋದೆ. ನನ್ನ ಮೊಬೈಲಿನಿಂದ ಫೋನ್ ಮಾಡಿದರೆ ನಾನೆಂದು ಗೊತ್ತಾಗುತ್ತದಲ್ಲ, ಅದಕ್ಕೆ ಅವರ ಫೋನ್. ಅಜ್ಜಿ ವಿಷಯ ಕೇಳಿ, ಟೀವಿಯ ಮಾತನ್ನೂ ನಿಲ್ಲಿಸಿ ನನ್ನ ಪಕ್ಕ ಬಂದು ಕೂತರು. ಮೊದಲು ಬೇರೆ ಒಂದು ಕಡೆ ಫೋನ್ ಮಾಡಿದೆ. ಅದನ್ನು ಆಮೇಲೆ ಹೇಳುತ್ತೇನೆ. ಅಲ್ಲಿ ಕೆಲಸ ಸಲೀಸಾಗಿ ಆದ ಮೇಲೆ ಧೈರ್ಯ ಬಂದು, ಮತ್ತೆ ಮೂಗು ಹಿಡಿದುಕೊಂಡು ನಮ್ಮವರಿಗೆ ಮಾಡಿದೆ.

“ಹಲೋ, ಮುಖ್ಯ ಕಚೇರಿ, ಭದ್ರತಾ ವಿಭಾಗ. ನಿಮ್ಮ ಇವತ್ತಿನ ಪಾಸ್‌ವರ್ಡ್ ಹೇಳಿ.”

“ಕ್ಷಮಿಸಿ, ಮೇಡಂ. ಫೋನಿನಲ್ಲಿ ಯಾರು ಕೇಳಿದ್ರೂ ಪಾಸ್‌ವರ್ಡ್ ಹೇಳೋ ಹಾಗಿಲ್ಲ. ನಾನೇ ಬರೆದ ನಿಯಮ ಅದು.”

ಹೆಮ್ಮೆಪಡುವ ಹೊತ್ತು ಅದಲ್ಲ, ಆದರೂ ನನಗೆ ಹೆಮ್ಮೆಯಾಯಿತು. ಒಂದು ಗಳಿಗೆ ಫೋನ್ ಇಟ್ಟುಬಿಡೋಣ ಎನ್ನಿಸಿತು. ಅಜ್ಜಿ ನನ್ನ ತೋಳು ಚಿವುಟಿದರು.

“ಶಭಾಷ್,” ಎಂದೆ. “ಇದೇ ಪರೀಕ್ಷೆ. ನೀವು ಪಾಸಾದ್ರಿ.”

“ಬಹಳ ಸಂತೋಷ, ಮೇಡಂ.”

“ಪಾಸಾದವರ ಪಾಸ್‌ವರ್ಡನ್ನ ನಾವು ದಾಖಲು ಮಾಡ್ಕೋಬೇಕು. ಒಂದೊಂದೇ ಅಕ್ಷರ ಹೇಳಿ.”

ಆ ಕಡೆ ಕಾಗದ ಬಿಚ್ಚುವ ಸದ್ದಾಯಿತು. ನಮ್ಮವರು ನಿಧಾನವಾಗಿ, ಸ್ಪಷ್ಟವಾಗಿ ಪೂರ್ತಿ ಹೇಳಿದರು. ಯಾವುದು ದೊಡ್ಡಕ್ಷರ, ಯಾವುದು ಚಿಕ್ಕಕ್ಷರ ಎಂಬುದನ್ನು ನಾನು ಕೇಳದಿದ್ದರೂ ಹೇಳಿದರು. ಅಜ್ಜಿ ಅದನ್ನು ಹಾಲಿನ ಲೆಕ್ಕ ಬರೆಯುವ ಕ್ಯಾಲೆಂಡರಿನ ಮೂಲೆಯಲ್ಲಿ ಬರೆದುಕೊಂಡು, ಆ ಮೂಲೆಯನ್ನು ಹರಿದು ನನ್ನ ಕೈಗೆ ಕೊಟ್ಟರು.

ಬೀಳ್ಕೊಡುಗೆ ಭರ್ಜರಿಯಾಗಿತ್ತು. ವಿದ್ಯುತ್ ಕಚೇರಿಯ ಸಾಹೇಬರು ಮುಂದಿನ ಸಾಲಿನಲ್ಲಿ ಹುಳಿ ತಿಂದವರ ಮುಖ ಮಾಡಿಕೊಂಡು ಕೂತಿದ್ದರು. ನಮ್ಮವರನ್ನು ಜೊತೆಯಲ್ಲೇ ಕರೆದೊಯ್ಯಲು ತಜ್ಞೆಯೂ ಬಂದಿದ್ದರು. ನಮ್ಮ ಸಾಹೇಬರು ಭಾಷಣ ಮಾಡಿ, “ಇಂದು ಈ ಕಂಪ್ಯೂಟರ್ ಒಂದು ಕೋಟೆ. ಇರುವೆ ಕೂಡ ನುಗ್ಗಲಾರದು,” ಎಂದರು. ಚಪ್ಪಾಳೆಯ ನಡುವೆ ನಮ್ಮವರು ಪಾಸ್‌ವರ್ಡ್ ಒತ್ತಿ ತೋರಿಸಲು ಹೂವಿನ ಹೊದಿಕೆ ಕೈಗೆತ್ತಿಕೊಂಡರು. ನಾನು ಎದ್ದು ನಿಂತೆ.

“ಒಂದ್ನಿಮಿಷ. ನಾನೊಂದು ಸಲ ನೋಡ್ತೀನಿ.”

ಹೆಂಡತಿಯ ಆಸೆ ಎಂದುಕೊಂಡು ಎಲ್ಲರೂ ನಕ್ಕರು. ನಾನು ಕಾಗದದ ಚೂರು ಬಿಡಿಸಿ, ಹೊದಿಕೆಯಿಲ್ಲದೆ, ಒಂದೇ ಬೆರಳಿನಲ್ಲಿ ಹುಡುಕಿ ಹುಡುಕಿ ಒತ್ತಿದೆ. ಕೋಟೆ ತೆರೆದುಕೊಂಡಿತು. ವಿದ್ಯುತ್ ಸಾಹೇಬರ ಮನೆಯ ನೀರಿನ ಬಿಲ್ಲೇ ಪರದೆಯ ಮೇಲೆ ಬಂತು.

ನಗು ನಿಂತಿತು. ನಮ್ಮ ಸಾಹೇಬರು, “ನಿಮಗೆ ಯಾರು ಹೇಳಿದ್ದು?” ಎಂದರು.

“ಇವರೇ.”

“ನಾನಾ?” ನಮ್ಮವರ ಕೈಯಿಂದ ಹೊದಿಕೆ ಜಾರಿತು. “ಸರ್, ನನ್ನಾಣೆ, ಇವಳಿಗೆ ಹೇಳಿಲ್ಲ. ಹೇಳಿದ್ದು ಮುಖ್ಯ ಕಚೇರಿ ಮೇಡಂಗೆ ಮಾತ್ರ.”

ನಾನು ಮೂಗು ಹಿಡಿದುಕೊಂಡು, “ಶಭಾಷ್. ನೀವು ಪಾಸಾದ್ರಿ,” ಎಂದೆ.

ನಮ್ಮವರು ಹಾಗೇ ಕುರ್ಚಿಗೆ ಕುಸಿದರು. ನಮ್ಮ ಸಾಹೇಬರ ಮುಖ ಕೆಂಪೇರುತ್ತಿತ್ತು; ವಿದ್ಯುತ್ ಸಾಹೇಬರು ಹಲ್ಲು ಕಿರಿಯುತ್ತಿದ್ದುದು ಅವರಿಗೆ ಕಾಣಿಸಿತ್ತು. “ಬಡ್ತಿ ರದ್ದು,” ಎಂದು ಗುಡುಗಿದರು. “ಫೋನಿನಲ್ಲಿ ಪಾಸ್‌ವರ್ಡ್ ಹೇಳಿದವರು ನಾಳೆಯೇ ಪಂಪ್‌ಹೌಸಿಗೆ ಹೊರಡಬೇಕು.”

ಇದಕ್ಕೆ ನಾನು ತಯಾರಾಗಿಯೇ ಬಂದಿದ್ದೆ. “ಆಗಲಿ ಸರ್, ಹೋಗ್ತಾರೆ. ಆದ್ರೆ ಇವರೊಬ್ಬರೇ ಹೋಗೋದು ನ್ಯಾಯ ಅಲ್ಲ. ಬೆಳಿಗ್ಗೆ ಇವರಿಗಿಂತ ಮೊದಲು ನಿಮಗೂ ಒಂದು ಫೋನ್ ಬಂದಿತ್ತಲ್ಲ.”

ಸಾಹೇಬರು ತಜ್ಞೆಯ ಕಡೆ ತಿರುಗಿದರು. “ಅದು ನೀವೇ ಮಾಡಿದ್ದಲ್ವಾ, ಮೇಡಂ?”

“ನಾನು ರೈಲಿನಲ್ಲಿದ್ದೆ, ಸರ್.”

ಅವರ ಕೋಣೆಯ ಕಂಪ್ಯೂಟರಿನ ಪಾಸ್‌ವರ್ಡನ್ನು ನಾನು ಸಭೆಯಲ್ಲಿ ಹೇಳಲಿಲ್ಲ, ಅಷ್ಟು ಮರ್ಯಾದೆ ನನಗೂ ಗೊತ್ತು. “ಮೊಮ್ಮಗಳು ಚೆನ್ನಾಗಿದ್ದಾಳಾ, ಸರ್?” ಎಂದು ಮಾತ್ರ ಕೇಳಿದೆ.

ಸಾಹೇಬರು ಕನ್ನಡಕ ತೆಗೆದು ಒರೆಸಿದರು, ಹಾಕಿಕೊಂಡರು, ಮತ್ತೆ ತೆಗೆದು ಒರೆಸಿದರು. ಪಂಪ್‌ಹೌಸಿನ ಮಾತು ಅಲ್ಲಿಗೇ ನಿಂತಿತು. “ಮನುಷ್ಯ ಅಂದ ಮೇಲೆ ಒಂದು ಮಾತು ಬಾಯಿಂದ ಜಾರತ್ತೆ,” ಎಂದು ಮೆಲ್ಲಗೆ ಹೇಳಿ, “ಎಲ್ಲರೂ ಕಾಫಿ ತಗೊಳ್ಳಿ,” ಎಂದರು.

ತಜ್ಞೆ ಕಾಫಿಯ ಲೋಟ ಹಿಡಿದುಕೊಂಡು ನನ್ನ ಹತ್ತಿರ ಬಂದರು. ನಕ್ಕು ನಕ್ಕು ಅವರ ಕಣ್ಣಲ್ಲಿ ನೀರು ಬಂದಿತ್ತು. “ಸ್ಪೀಕರ್ ಇಲ್ಲದೆ ನಗೋ ಹ್ಯಾಕರ್ ಇಲ್ಲ ಅಂತ ನನಗೆ ಅವತ್ತೇ ಗೊತ್ತಾಗಿತ್ತು,” ಎಂದರು.

“ಮತ್ಯಾಕೆ ಸುಮ್ಮನಿದ್ರಿ?”

“ಬೀಗ ಹಾಕಿ ಬೀಗ ಹಾಕಿ ಅಂತ ವರ್ಷಗಟ್ಟಲೆ ಬಡ್ಕೊಂಡಿದ್ದೀನಿ, ಒಬ್ಬರೂ ಕಿವಿಗೆ ಹಾಕ್ಕೊಳ್ಳಲಿಲ್ಲ. ಕಳ್ಳ ಬಂದ ಅಂದ ತಕ್ಷಣ ಎಲ್ಲರೂ ಎದ್ದು ಕೂತ್ರು. ನಿಮ್ಮ ಯಜಮಾನ್ರ ಸುಳ್ಳು ನನಗೂ ಉಪಕಾರಕ್ಕೆ ಬಂತು. ವರ್ಗಾವಣೆ ಮಾತ್ರ ನನಗೆ ತಿಳಿಯದೆ ಆಗಿದ್ದು. ಅದನ್ನ ನಾನೇ ರದ್ದು ಮಾಡಿಸ್ತೀನಿ.” ಅವರು ಲೋಟ ಕೆಳಗಿಟ್ಟರು. “ಆದ್ರೆ ನೀವು ಬನ್ನಿ. ಮುಖ್ಯ ಕಚೇರಿಗೆ. ನಮ್ಮ ಎಲ್ಲಾ ಕಚೇರಿಗಳಿಗೂ ಹೀಗೇ ಫೋನ್ ಮಾಡಿ ಎಲ್ಲಿ ಕಿಂಡಿ ಇದೆ ಅಂತ ಹೇಳೋರು ಬೇಕು ನನಗೆ.”

ಒಂದು ವರ್ಗಾವಣೆ ಹೋಯಿತು ಎಂದು ಉಸಿರು ಬಿಡುವಷ್ಟರಲ್ಲಿ ಇನ್ನೊಂದು. ನಾನು ಎರಡು ಸಲ ಯೋಚಿಸಲಿಲ್ಲ. “ಅಲ್ಲಿಗೆ ಬರಲ್ಲ, ಮೇಡಂ. ಫೋನ್ ಇಲ್ಲೂ ಇದೆಯಲ್ಲ,” ಎಂದೆ.

ಮನೆಗೆ ನಡೆದು ಬರುವಾಗ ನಮ್ಮವರು ಹೂವಿನ ಹೊದಿಕೆಯನ್ನು ಕಂಕುಳಲ್ಲಿಟ್ಟುಕೊಂಡು ನಿಧಾನಕ್ಕೆ ಹೆಜ್ಜೆ ಹಾಕುತ್ತಿದ್ದರು. ಬೇಜಾರಾಯ್ತಾ ಎಂದು ಕೇಳಿದೆ. “ಬೇಜಾರು ಯಾಕೆ? ರೈಲು ತಪ್ಪಿತಲ್ಲ,” ಎಂದರು. ಇನ್ನೊಂದು ಬೀದಿ ದಾಟಿದ ಮೇಲೆ ಕೇಳಿದರು: “ಮೊದಲ ಸಲ ಕೇಳಿದಾಗ ನಾನು ಹೇಳಲಿಲ್ಲ ಅಲ್ವಾ?”

“ಇಲ್ಲ. ನಿಜವಾಗ್ಲೂ ಪಾಸಾಗಿದ್ರಿ.”

ಅಷ್ಟು ಸಾಕಾಯಿತು ಅವರಿಗೆ. ನಡಿಗೆ ಚುರುಕಾಯಿತು.

ಈಗ ನನ್ನ ಹೊಲಿಗೆ ತರಗತಿಯಲ್ಲಿ ಮಧ್ಯಾಹ್ನ ಒಂದು ಗಂಟೆ ಕಾಲ ಮೆಷಿನ್ನುಗಳು ನಿಲ್ಲುತ್ತವೆ. ಹೆಂಗಸರು ಸರದಿಯ ಪ್ರಕಾರ ತಜ್ಞೆ ಹೇಳಿದ ಕಚೇರಿಗಳಿಗೆ ಫೋನ್ ಮಾಡುತ್ತಾರೆ. ಒಬ್ಬೊಬ್ಬರದು ಒಂದೊಂದು ಧ್ವನಿ. ಅಜ್ಜಿಯದು ಅಳುವ ಧ್ವನಿ, ಅದಕ್ಕೆ ಬಗ್ಗದವರಿಲ್ಲ. ಸಿಕ್ಕಿದ ಕಿಂಡಿಗಳನ್ನು ಸಂಜೆ ಮೇಡಂಗೆ ತಿಳಿಸುತ್ತೇನೆ, ಅವರು ಅಲ್ಲಿ ಬೀಗ ಹಾಕಿಸುತ್ತಾರೆ. ನಾವು ಮರುದಿನ ಬೇರೆ ಕಿಂಡಿ ಹುಡುಕುತ್ತೇವೆ.

ನಿನ್ನೆ ಹೊಸದಾಗಿ ಒಬ್ಬಳು ಸೇರಿದಳು. ಅವಳ ಕೈಯಲ್ಲಿ ಇನ್ನೂ ಗುಂಡಿಯ ಕಾಜಾ ನೆಟ್ಟಗೆ ಬರುವುದಿಲ್ಲ. ಅಭ್ಯಾಸವಾಗಲಿ ಎಂದು ನಮ್ಮವರ ಕಚೇರಿಗೇ ಫೋನ್ ಮಾಡಿಸಿದೆ. ಸಾಹೇಬರೇ ಎತ್ತಿದರು. ಅವಳು ಕೇಳುವ ಮೊದಲೇ ಪಾಸ್‌ವರ್ಡ್ ಹೇಳಿ, ಬರೆದುಕೊಂಡಿರಾ ಎಂದು ವಿಚಾರಿಸಿ, ಇನ್ನೊಂದು ಸಲ ನಿಧಾನವಾಗಿ ಹೇಳಿದರು.